ಹೂವಿನ ಚೌಕಟ್ಟಿಗೆ ಅನುಮತಿ

ಓದದೆ ಒಪ್ಪಿಗೆ ಕೊಡುವುದು ನನ್ನ ಹುಟ್ಟುಗುಣ. ಮದುವೆಯ ದಿನ ಪುರೋಹಿತರು ಹೇಳಿಸಿದ ಮಂತ್ರಗಳಿಗೂ ಹೀಗೆಯೇ ತಲೆಯಾಡಿಸಿದವನು ನಾನು. ಅವುಗಳಲ್ಲಿ ಏನೇನಿತ್ತೆಂದು ಹೆಂಡತಿ ಇಂದಿಗೂ ಕಂತುಕಂತಾಗಿ ತಿಳಿಸುತ್ತಿದ್ದಾಳೆ. ಸಂಘದ ಠರಾವು, ಯಾರೋ ಮುಂದೆ ಚಾಚಿದ ಮನವಿಪತ್ರ, ಎಲ್ಲದರ ಕೆಳಗೂ ನನ್ನ ಸಹಿ ಇದೆ. ಆದರೆ ನ್ಯಾಮತಿಯಲ್ಲಿರುವ ನನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯೊಳಗೆ ಮಾತ್ರ ನಾನು ಬೇರೆಯೇ ಮನುಷ್ಯ. ಗಿರಾಕಿ ಎಲ್ಲಿಂದಲೋ ಒಂದು ಕೆಪಾಸಿಟರ್ ತಂದು "ಇದನ್ನೇ ಹಾಕ್ರಿ" ಎಂದರೆ, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಟೆಸ್ಟ್ ಮಾಡದೆ ಕನೆಕ್ಷನ್ ಕೊಡುವವನಲ್ಲ. ಬಿಡಿಭಾಗ ಯಾರದ್ದೇ ಇರಲಿ, ಸುಟ್ಟರೆ ಹೆಸರು ಕೆಡುವುದು ಅಂಗಡಿಯದು.

ಇಷ್ಟು ಪೀಠಿಕೆ ಯಾಕೆಂದರೆ, ಕಳೆದ ತಿಂಗಳು ಒಂದು ದಿನ ಮಧ್ಯಾಹ್ನದ ಊಟ ಮುಗಿಸಿ ಅಂಗಡಿಯಲ್ಲಿ ಫೋನ್ ನೋಡುತ್ತಾ ಕೂತಿದ್ದೆ. ನಾವೆಲ್ಲ ಫೋಟೊ ಹಾಕಿಕೊಳ್ಳುವ ಜಾಲತಾಣದಲ್ಲಿ ಒಂದು ಆಟ ಕಂಡಿತು. ಅದು ಜಾಲತಾಣದ್ದಲ್ಲ, ಯಾರೋ ಹೊರಗಿನವರು ತಯಾರಿಸಿ ಅದಕ್ಕೆ ಅಂಟಿಸಿದ್ದು. "ನಿಮ್ಮ ಹೃದಯದಲ್ಲಿ ಸದಾ ಇರುವವರು ಯಾರು?" ಎಂದು ಕೇಳಿತು. ಹೇಳುವುದಕ್ಕೆ ನನ್ನ ಹೆಸರು, ಫೋಟೊಗಳು, ಗೆಳೆಯರ ಪಟ್ಟಿ, ನನ್ನ ಪರವಾಗಿ ಬರೆಯುವ ಹಕ್ಕು, ಇನ್ನೂ ಏನೇನೋ ಬೇಕೆಂದಿತು. ಕೆಳಗೆ "ಅನುಮತಿಸಿ" ಎಂದಿತ್ತು. ಒತ್ತಿದೆ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಫೋನನ್ನು ಡ್ರಾಯರಿಗೆ ಹಾಕಿದೆ.

ಆಟ ಆರಿಸಿದ್ದು ಸಾದಿಕನನ್ನು. ಚನ್ನಗಿರಿಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈಗ ಹೊನ್ನಾಳಿಯಲ್ಲಿ ಗಾದಿ ಹೊಲಿಯುತ್ತಾನೆ. ಅದಕ್ಕೆ ಮೂರು ತಿಂಗಳ ಹಿಂದೆ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡು, ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದ. ಅವನ ಫೋಟೊ ಸುತ್ತ ಆ ಆಟ ಗುಲಾಬಿ, ಸೇವಂತಿಗೆಯ ಚೌಕಟ್ಟು ಕಟ್ಟಿ, ಎಡಕ್ಕೊಂದು ಬಲಕ್ಕೊಂದು ದೀಪ ಹಚ್ಚಿ, "ನೀವು ಸದಾ ನನ್ನ ಹೃದಯದಲ್ಲಿ" ಎಂದು ಬರೆದು, ನನ್ನ ಹೆಸರಿನಲ್ಲಿ ಊರಿಗೆಲ್ಲ ತೋರಿಸಿಬಿಟ್ಟಿತ್ತು. ಆಟ ಮಾಡಿದವರ ದೇಶದಲ್ಲಿ ಇದನ್ನು ಪ್ರೀತಿ ಎನ್ನುತ್ತಾರೇನೋ. ನಮ್ಮ ಬಸ್ ಸ್ಟ್ಯಾಂಡುಗಳ ಎದುರು ಇಂಥ ಫೋಟೊವನ್ನು ಯಾಕೆ ಕಟ್ಟುತ್ತಾರೆಂದು ಮಕ್ಕಳಿಗೂ ಗೊತ್ತು.

ಸಂಜೆ ಫೋನ್ ತೆಗೆದರೆ "ಓಂ ಶಾಂತಿ" ಸಾಲುಗಟ್ಟಿ ನಿಂತಿತ್ತು. ಕೆರೆಬಿಳಚಿಯ ಸಹಪಾಠಿಯೊಬ್ಬ "ಮೊನ್ನೆ ತಾನೇ ಮಾತಾಡಿದ್ದೆ" ಎಂದು ಗೋಳಾಡಿದ್ದ. ಸಾದಿಕ ಹೋಗಿಬಿಟ್ಟನೆಂದು ನಾನೂ ಒಂದು ಕ್ಷಣ ನಂಬಿದೆ. ಆಮೇಲೆ ನೋಡಿದರೆ, ಸುದ್ದಿ ಕೊಟ್ಟವನು ನಾನೇ. ಚಿತ್ರವನ್ನು ಅಳಿಸಿ ಅವನಿಗೆ ಫೋನ್ ಮಾಡಿದೆ.

"ಬದುಕೀನಿ ಕಣೋ," ಎಂದ. "ಆದ್ರೆ ನೀ ಈಗಿಂದೀಗ್ಲೇ ಬಾ. ಜಗಳೂರಿಂದ ಅಕ್ಕ ಬಂದಾಳೆ."

ಫಾತಿಮಕ್ಕ ಸಾದಿಕನನ್ನು ಎತ್ತಿ ಆಡಿಸಿ ಬೆಳೆಸಿದವರು. ಪಕ್ಕದ ಮನೆಯವರು ಚಿತ್ರ ತೋರಿಸಿದ್ದೇ ತಡ, ತಟ್ಟೆಗೆ ಹಾಕಿದ ಅನ್ನವನ್ನು ಹಾಗೇ ಬಿಟ್ಟು, ದಾವಣಗೆರೆಯಲ್ಲಿ ಬಸ್ ಬದಲಿಸಿ ಹೊನ್ನಾಳಿ ಮುಟ್ಟಿದ್ದರು. ನಮ್ಮ ಕಡೆ ಸಾವಿನ ಸುದ್ದಿ ಬಂದರೆ ನಿಜವೋ ಸುಳ್ಳೋ ಎಂದು ಯಾರೂ ವಿಚಾರಿಸುತ್ತ ಕೂರುವುದಿಲ್ಲ. ಮಣ್ಣಿಗೆ ಹೊತ್ತಾದೀತೆಂದು ಹೊರಟುಬಿಡುತ್ತಾರೆ. ನಾನು ಹೋದಾಗ ಅವರು ತಮ್ಮನ ಮಂಚದ ಪಕ್ಕದಲ್ಲಿ, ಅವನ ಕೈಯನ್ನು ಬಿಡದೆ ಹಿಡಿದು ಕೂತಿದ್ದರು. ಕಣ್ಣು ಊದಿಕೊಂಡಿತ್ತು.

"ಅಕ್ಕಾ, ಒಂದು ಫೋನ್ ಮಾಡ್ಬೇಕಿತ್ತು," ಎಂದೆ.

"ಹೆಂಗೆ ಮಾಡ್ಲಪ್ಪಾ? ಇವನ ಫೋನು ಬೇರೆ ಯಾರಾದ್ರೂ ಎತ್ತಿದ್ರೆ? ಧೈರ್ಯ ಬರ್ಲಿಲ್ಲ," ಎಂದರು. "ನಮ್ಮಾಗೆ ಫೋಟೊಕ್ಕೆ ಹೂವು ಹಾಕಾಕಿಲ್ಲ. ಆದ್ರೆ ಹಾಕಿದೋನು ನೀನು. ಪಾಪ, ದುಃಖದಾಗೆ ನಿಮ್ಮ ಪದ್ಧತಿ ಪ್ರಕಾರ ಹಾಕ್ಯಾನೆ ಅಂದ್ಕೊಂಡೆ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾಚಿಕೆಯಾದಾಗ ಮನುಷ್ಯ ಭಾಷಣ ಮಾಡುತ್ತಾನೆ, ನಾನೂ ಮಾಡಿದೆ. ಜಾಲತಾಣದವರು ಹೊರಗಿನವರ ಆಟಗಳನ್ನು ಪರೀಕ್ಷಿಸದೆ ಒಳಗೆ ಬಿಡಲೇಬಾರದು, ಕೆಪಾಸಿಟರಿಗೆ ನಾನು ತೋರಿಸುವಷ್ಟಾದರೂ ಎಚ್ಚರ ಬೇಡವೇ? ನನ್ನ ಹೆಸರಿನಲ್ಲಿ ಏನನ್ನೇ ಹಾಕುವ ಮುಂಚೆ ನನಗೆ ತೋರಿಸಬೇಕು. ಗೆಳೆಯನ ಫೋಟೊ ಬಳಸುವುದಾದರೆ ಆ ಗೆಳೆಯನನ್ನೇ ಕೇಳಬೇಕು. ಅವನ ಮುಖಕ್ಕೆ ಅನುಮತಿ ಕೊಡಲು ನಾನ್ಯಾರು? ಆಟವನ್ನು ಕಿತ್ತುಹಾಕುವ ಗುಂಡಿಯೂ ಒಪ್ಪಿಗೆಯ ಗುಂಡಿಯಷ್ಟೇ ದೊಡ್ಡದಾಗಿರಬೇಕು. ಇದನ್ನೆಲ್ಲ ಬರೆದು ದೂರು ಕಳಿಸುತ್ತೇನೆಂದೆ. ಅದರಲ್ಲಿ ಒಂದಕ್ಷರವನ್ನೂ ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸಾದಿಕ ಎಲ್ಲವನ್ನೂ ಸಾವಧಾನವಾಗಿ ಕೇಳಿದ. "ಅದೆಲ್ಲ ಸರಿ. ನಿನ್ನ ಹೃದಯದಾಗೆ ಇರೋನು ನಾನೇ ಅಂತ ಆ ಆಟಕ್ಕೆ ಹೆಂಗೆ ಗೊತ್ತಾತು?" ಎಂದ.

"ನಿನ್ನ ಫೋಟೊಗೆಲ್ಲ ನಾನೇ ಜಾಸ್ತಿ ಲೈಕ್ ಒತ್ತೋದು. ಆಸ್ಪತ್ರೆ ಫೋಟೊಕ್ಕೂ ಒತ್ತಿದ್ದೆ."

"ಹೌದು, ಒತ್ತಿದ್ದೆ." ಅಕ್ಕನ ಕಡೆ ಕತ್ತು ತಿರುಗಿಸಿದ. "ಅಕ್ಕ ನಾನು ಬಿದ್ದಾಗ್ಲೂ ಬಂದ್ಲು, ಸತ್ತೆ ಅಂದಾಗ್ಲೂ ಬಂದ್ಲು. ಎರಡೆರಡು ಬಸ್ಸು. ನ್ಯಾಮತಿಯಿಂದ ಬರಾಕೆ ಒಂದೇ ಬಸ್ಸು ಸಾಕಿತ್ತಲ್ಲೋ."

ಅವನು ಬಿದ್ದ ಮೇಲೆ ನಾನು ಆ ಮನೆಗೆ ಬಂದದ್ದು ಅದೇ ಮೊದಲು. ಫಾತಿಮಕ್ಕ ಎದ್ದು ಚಹಾ ಮಾಡಲು ಒಳಗೆ ಹೋದರು. ತಲೆ ಎತ್ತಲಾಗದೆ ನಾನು ಫೋನ್ ತೆಗೆದು, ಆ ಆಟವನ್ನು ಹುಡುಕಿ ಕಿತ್ತುಹಾಕಲು ಹೊರಟೆ. ಹೋಗುವ ಮುಂಚೆ ಅದು ಕೊನೆಯ ಪ್ರಶ್ನೆಯೊಂದನ್ನು ಕೇಳಿತು: "ನಾವು ಹೇಳಿದ ಫಲಿತಾಂಶ ಸರಿಯಾಗಿತ್ತೇ?" ಕೆಳಗೆ ಎರಡು ಗುಂಡಿಗಳಿದ್ದವು, ಹೌದು ಮತ್ತು ಇಲ್ಲ. ಜೀವನದಲ್ಲಿ ಮೊದಲ ಸಲ ಒಂದು ಪ್ರಶ್ನೆಯನ್ನು ಪೂರ್ತಿ ಓದಿದೆ. ಮೂರು ಸಲ ಓದಿದೆ. ಇಲ್ಲ ಎಂದು ಒತ್ತಲು ಮನಸ್ಸು ಬರಲಿಲ್ಲ. ಹೌದು ಎಂದು ಒತ್ತೋಣವೆಂದರೆ, ಸಾದಿಕ ಎದುರಿಗೇ ಇದ್ದ.