ಐದು ನಕ್ಷತ್ರದ ಹಾಸಿಗೆ

ಟಾಸ್ಮೇನಿಯಾ ರಾಜ್ಯದ ವೃದ್ಧಾಲಯಗಳನ್ನೆಲ್ಲ ಒಂದಕ್ಕೊಂದು ಹೋಲಿಸಿ ನಕ್ಷತ್ರ ಹಂಚಿದಾಗ, ಐದಕ್ಕೆ ಐದೂ ದಕ್ಕಿದ್ದು ಬರ್ನಿ ಊರಿನ ಕಡಲದಂಡೆಯ ಹೊಸ ಆಲಯವೊಂದಕ್ಕೆ ಮಾತ್ರ. ಅಲ್ಲಿ ಯಾರೂ ಜಾರಿ ಬಿದ್ದಿರಲಿಲ್ಲ, ಯಾರ ಬೆನ್ನಿಗೂ ಹುಣ್ಣಾಗಿರಲಿಲ್ಲ, ಊಟ ಚೆನ್ನಾಗಿಲ್ಲವೆಂದು ಯಾರೂ ದೂರಿರಲಿಲ್ಲ.

ಬದುಕಿಡೀ ಮೀನುದೋಣಿ ನಡೆಸಿದ್ದ ಕ್ಲ್ಯಾರಿ ಟ್ರೆಗೆನ್ನಾ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಮಗಳು ಮೆರಿನ್, ಅಪ್ಪನಿಗೆ ರಾಜ್ಯದಲ್ಲೇ ಉತ್ತಮವಾದದ್ದು ಬೇಕೆಂದು ಅವನನ್ನು ಅಲ್ಲಿಗೇ ಕರೆದೊಯ್ದಳು.

ಕೋಣೆಯ ಕಿಟಕಿಯಲ್ಲಿ ಕಡಲು ತುಂಬಿಕೊಂಡಿತ್ತು. ಆಸ್ಪತ್ರೆಯಿಂದ ಬಂದಮೇಲೆ ಮೊದಲ ಸಲ ಮುದುಕನ ಮುಖ ಅರಳಿತು. ಕುರ್ಚಿಯಿಂದ ಏಳಲು ಹೊರಟರೆ ನಾಲ್ಕು ದಿಕ್ಕಿನಿಂದ ದಾದಿಯರು ಓಡಿಬಂದು ಹಿಡಿದುಕೊಂಡರು. ಅವರಿಗೆ ಬೇರೆ ಕೆಲಸವಿರಲಿಲ್ಲ.

"ಇಲ್ಲಿರೋ ಜನ ಎಲ್ಲಪ್ಪಾ?" ಎಂದು ಕೇಳಿದ ಕ್ಲ್ಯಾರಿ.

ವ್ಯವಸ್ಥಾಪಕ ಪ್ರಿಡೋ ವಿನಯದಿಂದ ಹೇಳಿದ: "ಇನ್ನೂ ಯಾರನ್ನೂ ಸೇರಿಸ್ಕೊಂಡಿಲ್ಲ ಸರ್. ಗುಣಮಟ್ಟ ಉಳಿಸ್ಕೋಬೇಕಲ್ಲ."

"ನನ್ನೊಬ್ಬನ್ನ ಸೇರಿಸ್ಕೋ ಮಾರಾಯ. ಈ ಕಿಟಕಿ ಹತ್ರ ಸುಮ್ನೆ ಕೂತಿರ್ತೀನಿ."

"ನೀವು ಬೀಳೋರು ಸರ್. ಒಂದ್ಸಲ ಬಿದ್ರೆ ನಮ್ಮ ಒಂದು ನಕ್ಷತ್ರ ಹೋಗುತ್ತೆ. ಆಮೇಲೆ ನೀವು ಸೇರಿದ್ದು ಉತ್ತಮ ಆಲಯ ಅಂತ ಹೇಳ್ಕೊಳ್ಳೋಕೂ ಆಗಲ್ಲ."

ಮೆರಿನ್‌ಗೆ ಈ ಮಾತು ನ್ಯಾಯವೆನಿಸಿತು. ಕ್ಲ್ಯಾರಿ ಕಿಟಕಿಯತ್ತ ಇನ್ನೊಮ್ಮೆ ನೋಡಿ, ಮಗಳ ತೋಳು ಹಿಡಿದು ಹೊರಬಂದ.

ಆಮೇಲೆ ಅವಳು ಎರಡು ನಕ್ಷತ್ರದ ಆಲಯವೊಂದಕ್ಕೆ ಫೋನು ಮಾಡಿದಳು. ಅವರೂ ಬರ್ನಿಯ ಮಾದರಿ ಅನುಸರಿಸಿ ಸುಧಾರಣೆ ಕೈಗೊಂಡಿದ್ದರು. ಕೆಮ್ಮುವವರನ್ನು ಆಗಲೇ ಮನೆಗೆ ಕಳಿಸಿಯಾಗಿತ್ತು, ಗೊಣಗುವವರ ಸರದಿ ನಡೆದಿತ್ತು. ಮುಂದಿನ ವರ್ಷದ ಹೋಲಿಕೆಯಲ್ಲಿ ರಾಜ್ಯದ ಪ್ರತಿಯೊಂದು ವೃದ್ಧಾಲಯಕ್ಕೂ ಐದೈದು ನಕ್ಷತ್ರ ಬಂದವು. ಹಿರಿಯರ ಆರೈಕೆಯಲ್ಲಿ ಹೀಗೊಂದು ಸಾಧನೆ ಹಿಂದೆಂದೂ ಆಗಿರಲಿಲ್ಲವೆಂದು ಮಂತ್ರಿಗಳು ಪ್ರಕಟಿಸಿದರು. ದಾದಿಯರ ದಣಿವು ಕೂಡ ಪೂರ್ತಿ ನಿವಾರಣೆಯಾಗಿತ್ತು.

ಕ್ಲ್ಯಾರಿ ಈಗ ಮಗಳ ಕಾರ್ ಶೆಡ್ಡಿನಲ್ಲಿದ್ದಾನೆ. ಕಾರು ಬೀದಿಯಲ್ಲಿ ನಿಲ್ಲುತ್ತದೆ. ಪಕ್ಕದ ಮನೆಯ ಶೆಡ್ಡಿನಲ್ಲೂ ಒಬ್ಬ ಅಜ್ಜಿ ಇರುವುದರಿಂದ ಬೇಲಿಯಾಚೆ ಮಾತಿಗೆ ಜೊತೆಯಿದೆ.

ಒಂದು ಬೆಳಿಗ್ಗೆ ಚಹಾ ತಂದ ಮೆರಿನ್, ಅಪ್ಪ ನೆಲದ ಮೇಲೆ ಬಿದ್ದಿರುವುದನ್ನು ಕಂಡು ಕೈಯಿಂದ ಲೋಟ ಬಿಟ್ಟಳು.

"ಗಾಬರಿ ಆಗ್ಬೇಡ ಕಣಮ್ಮಾ," ಅಂದ ಕ್ಲ್ಯಾರಿ. "ಬಿದ್ದಿದ್ದು ಮನೇಲೇ ಅಲ್ವಾ. ಯಾರ ನಕ್ಷತ್ರಾನೂ ಹೋಗಲಿಲ್ಲ."

ಮೆರಿನ್‌ಗೆ ಜೀವ ಬಂದಂತಾಯಿತು.