ಯಾರದೂ ಅಲ್ಲದ ಮುಖ

ಇಷ್ಟೆಲ್ಲ ರಂಪಾಟಕ್ಕೆ ಕಾರಣ ಒಂದು ಹುಬ್ಬು.

ಹುಬ್ಬನ್ನು ಬರೆದವನು ಕುಂಚಪ್ಪ. ಅದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಂಗಡಿಗಳ ಬೋರ್ಡು ಬರೆದುಕೊಂಡಿದ್ದವನು ಕುಂಚ ಕೆಳಗಿಟ್ಟು, ಯುದ್ಧದ ವಿಡಿಯೊ ಗೇಮ್ ತಯಾರಿಸುವ ಪುಟ್ಟ ಕಂಪನಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತ ಮೊದಲ ದಿನವೇ ಜೊತೆಯವರು ಅಂಟಿಸಿದ್ದು. ಅಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಸೊಳ್ಳೆ ಹೊಡೆಯುವುದಕ್ಕೂ ಕಣ್ಣು ಮುಚ್ಚಿಕೊಳ್ಳುವ ಒಬ್ಬಾಕೆ ಬಂದೂಕುಗಳನ್ನು ಬರೆಯುತ್ತಿದ್ದಳು. ಅವಳು ಎಲ್ಲರಿಗೂ ಬಂದೂಕಕ್ಕ. ಬಾಂಬು ಸಿಡಿಯುವುದರಿಂದ ಹಿಡಿದು ಬೂಟಿನ ಕಿರುಗುಟ್ಟುವಿಕೆಯವರೆಗೆ ಎಲ್ಲವನ್ನೂ ಬಾಯಲ್ಲೇ ಹೊರಡಿಸುವವನು ಸದ್ದಣ್ಣ. ಕುಂಚಪ್ಪನ ಪಾಲಿಗೆ ಬಂದದ್ದು ಶತ್ರುಗಳ ಮುಖ.

ಅಜ್ಜಿ ಹೇಳುವ ಕತೆಗಳಲ್ಲಾದರೆ ಈ ಕೆಲಸ ಬಲು ಸುಲಭ. ರಾಕ್ಷಸನೆಂದರೆ ಎರಡು ಕೋರೆಹಲ್ಲು, ಒಂದು ಘರ್ಜನೆ, ಮುಗಿಯಿತು. ಅವನ ಮೂಗು ಹೇಗಿತ್ತೆಂದು ಯಾವ ಮೊಮ್ಮಗಳೂ ಕೇಳುವುದಿಲ್ಲ. ಆದರೆ ಕಂಪನಿಯ ಮಾಲೀಕರು 'ನಿಜವಾದ ಯುದ್ಧ, ನಿಜವಾದ ಮುಖ' ಎಂದು ಊರ ತುಂಬ ಪೋಸ್ಟರ್ ಹಚ್ಚಿಸಿದ್ದರು. ಹಿಂದಿನ ಯುದ್ಧದಲ್ಲಿ ಆಚೆ ಕಡೆಯಿಂದ ಕಾದಾಡಿದ ಇಪ್ಪತ್ತೆರಡು ಜನರ ಫೋಟೊಗಳನ್ನು ಪತ್ರಿಕೆಗಳಿಂದ ಕತ್ತರಿಸಿ ತಂದು, "ಇವರನ್ನೇ ಇಳಿಸು" ಎಂದು ಅವನ ಮೇಜಿನ ಮೇಲೆ ಸುರಿದಿದ್ದರು. ಕುಂಚಪ್ಪ ಇಳಿಸಿದ. ಶತ್ರುನಾಯಕನ ಎಡಹುಬ್ಬು ನಡುವೆ ಸೀಳಿತ್ತು. ಅದನ್ನಂತೂ ಕೂದಲು ಕೂದಲಾಗಿ ಇಳಿಸಿದ. ಆಟವಾಡುವವರು ನಮ್ಮ ಸೈನಿಕರಾಗಿ ಅವನನ್ನು ಹೊಡೆಯಬಹುದಿತ್ತು. ಬೇಕೆಂದರೆ ಅವನೇ ಆಗಿ ನಮ್ಮವರನ್ನೂ ಹೊಡೆಯಬಹುದಿತ್ತು.

ಅಂಗಡಿಯೊಂದರ ಗಾಜಿನ ಹಿಂದೆ ಓಡುತ್ತಿದ್ದ ಆಟದ ತುಣುಕನ್ನು, ಆ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನಿಂತು ನೋಡಿದರು. ಹುಬ್ಬನ್ನು ಗುರುತಿಸಿದರು. ಮಾರನೆಯ ಬೆಳಗ್ಗೆ ಪತ್ರಿಕೆಗಳಲ್ಲಿ ಅದೇ ಸುದ್ದಿ.

ಅದೇ ದಿನ ಕುಂಚಪ್ಪನ ಆರು ತಿಂಗಳ ಪರೀಕ್ಷಾ ಅವಧಿ ಮುಗಿಯುತ್ತಿತ್ತು. ಸಂಜೆ ಕೆಲಸ ಖಾಯಂ ಆದ ಪತ್ರ ಕೈಗೆ ಬರಬೇಕು. ಮತ್ತೆ ಏಣಿ ಹತ್ತಿ ಬಿಸಿಲಲ್ಲಿ ನೇತಾಡುವುದು ಇನ್ನು ತಪ್ಪಿತು ಎಂದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದ. ಬಾಗಿಲು ದಾಟುವ ಮೊದಲೇ ಮಾಲೀಕರು ಎರಡು ಕೈಯಲ್ಲಿ ಎರಡು ಫೋನು ಹಿಡಿದು, ಎರಡಕ್ಕೂ ಒಟ್ಟಿಗೆ ಕ್ಷಮೆ ಕೇಳುತ್ತ ಎದುರಾದರು.

"ಬಂದ್ಯಾ ಮಹಾರಾಯ! ಅಷ್ಟೊಂದು ಚೆನ್ನಾಗಿ ಬರೀ ಅಂತ ಯಾರು ಹೇಳಿದ್ರು ನಿಂಗೆ?"

"ನೀವೇ ಸಾರ್."

"ನಾನು ಚೆನ್ನಾಗಿ ಬರೀ ಅಂದೆ. ಗುರುತು ಹಿಡಿಯೋ ಹಾಗೆ ಬರೀ ಅಂದ್ನಾ?" ಮಾಲೀಕರು ಒಂದು ಫೋನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. "ನಿವೃತ್ತ ಸೈನಿಕರ ಸಂಘದ ಮೇಜರ್ ಸಂಜೆ ಐದಕ್ಕೆ ಬರ್ತಾರೆ. ಆ ತಾಯೀನೂ ಬರ್ತಾರೆ. ಅಷ್ಟರಲ್ಲಿ ಇಪ್ಪತ್ತೆರಡು ಮುಖಾನೂ ಬದಲಾಗಿರ್ಬೇಕು. ನಿಜವಾದ ಒಬ್ಬನೇ ಒಬ್ಬ ಮನುಷ್ಯನ ಹೋಲಿಕೆ ಇರಬಾರದು. ಯಾರದೂ ಅಲ್ಲದ ಮುಖ! ಅರ್ಥ ಆಯ್ತಾ? ಆಗದಿದ್ರೆ ಆಟಾನೂ ಇಲ್ಲ, ಕಂಪನೀನೂ ಇಲ್ಲ, ನಿನ್ನ ಪತ್ರಾನೂ ಇಲ್ಲ."

ಯಾರದೂ ಅಲ್ಲದ ಮುಖ ಬರೆಯುವುದು ಎಷ್ಟು ಕಷ್ಟವೆಂದು ಕುಂಚಪ್ಪನಿಗೆ ಹತ್ತು ಗಂಟೆಗೇ ಗೊತ್ತಾಯಿತು. ಕಣ್ಣು ಮುಚ್ಚಿ, ಮನಸ್ಸನ್ನು ತೊಳೆದ ಸ್ಲೇಟಿನಂತೆ ಮಾಡಿಕೊಂಡು, ಒಂದು ಉದ್ದ ಮೂಗು, ಗಡ್ಡದಡಿ ಅಡಗಿದ ಬಾಯಿ, ಸದಾ ಏನನ್ನೋ ಮೂಸುತ್ತಿರುವಂಥ ಮೂಗಿನ ಹೊಳ್ಳೆ ಬರೆದ. ಬಂದೂಕಕ್ಕ ನೀರು ಕುಡಿಯುತ್ತ ಹಿಂದಿನಿಂದ ಹಾದುಹೋದವಳು ಅರ್ಧ ಲೋಟ ನೀರನ್ನು ಅವನ ಇಸ್ತ್ರಿ ಅಂಗಿಯ ಮೇಲೆ ಉಗುಳಿದಳು.

"ಅಯ್ಯೋ, ನಮ್ಮ ಮಾವ!"

"ನಿಮ್ಮ ಮಾವನ್ನ ನಾನು ಯಾವತ್ತು ನೋಡಿದೀನಿ ಅಕ್ಕಾ?"

"ಹೋದ ತಿಂಗಳು ನನಗೆ ಊಟದ ಡಬ್ಬಿ ತಂದ್ಕೊಟ್ರಲ್ಲ, ನೀನೇ ಬಾಗಿಲು ತೆಗೆದಿದ್ದು!"

ಕುಂಚಪ್ಪ ನಾಲಿಗೆ ಕಚ್ಚಿಕೊಂಡು ಅಳಿಸಹೊರಟ. ಬಂದೂಕಕ್ಕ ಅವನ ಕೈ ಹಿಡಿದುಕೊಂಡಳು. ಆಚೀಚೆ ನೋಡಿ, ಪಿಸುಮಾತಿನಲ್ಲಿ, "ಒಂದ್ನಿಮಿಷ ಇರಲಿ ಬಿಡು," ಎಂದು ಅವನ ಪಕ್ಕದಲ್ಲೇ ಕೂತು, ತಾನೇ ಬರೆದ ಅತಿ ದೊಡ್ಡ ಬಂದೂಕನ್ನು ಆರಿಸಿಕೊಂಡು ಮೂರು ಸಲ ಹೊಡೆದಳು. ಅವಳ ಮುಖ ಬೆಳದಿಂಗಳಿನ ಹಾಗಾಯಿತು. "ಇನ್ನು ಅಳಿಸು. ಪಾಪ, ಒಳ್ಳೆಯವರೇ," ಎಂದು ಎದ್ದುಹೋದಳು.

ಎರಡನೆಯ ಶತ್ರು ಸದ್ದಣ್ಣನ ಮನೆ ಮಾಲೀಕನಾದ. ಮೂರನೆಯವನು ಎದುರು ಬೀದಿಯ ಹಲ್ಲು ಡಾಕ್ಟರಾದ. ನಾಲ್ಕನೆಯವನನ್ನು ಹೆಂಗಸಾಗಿ ಮಾಡಿ ನೋಡಿದರೆ, ಮೂರನೇ ತರಗತಿಯಲ್ಲಿ ಅವನ ಕಿವಿ ಹಿಂಡುತ್ತಿದ್ದ ಟೀಚರು ಪರದೆಯ ಮೇಲಿಂದ ದುರುಗುಟ್ಟಿದರು. ಕುಂಚಪ್ಪ ತನಗರಿವಿಲ್ಲದೆಯೇ ಎದ್ದು ನಿಂತ.

ಸುದ್ದಿ ಹರಡಿ ಇಡೀ ಆಫೀಸು ಅವನ ಬೆನ್ನ ಹಿಂದೆ ಜಮಾಯಿಸಿತು. ಎಲ್ಲರ ಬಾಯಲ್ಲೂ ಸಲಹೆ.

"ಮೂಗೇ ಬೇಡ, ತೆಗೆದುಬಿಡು."

"ಮೂಗಿಲ್ಲದೆ ಉಸಿರಾಡೋದು ಹೇಗೆ? ನಾನು ಏದುಸಿರಿನ ಸದ್ದು ಬೇರೆ ಮಾಡಿಟ್ಟಿದೀನಿ!" ಎಂದ ಸದ್ದಣ್ಣ.

"ಎಲ್ಲರ ಮುಖಕ್ಕೂ ಬಟ್ಟೆ ಕಟ್ಟಪ್ಪ."

"ಬಟ್ಟೆ ಕಟ್ಟಿದ್ರೆ ಯಾರನ್ನೋ ಮುಚ್ಚಿಡ್ತಿದಾರೆ ಅಂತ ಮೇಜರ್ ಕೂಗಾಡ್ತಾರೆ."

"ಒಬ್ಬನ ಕಣ್ಣು, ಇನ್ನೊಬ್ಬನ ಮೂಗು, ಮತ್ತೊಬ್ಬನ ಗದ್ದ, ಎಲ್ಲಾ ಕಲಸಿಬಿಡು!"

ಕುಂಚಪ್ಪ ಕಲಸಿದ. ಕಲಸಿದ್ದು ಹದಕ್ಕೆ ಬರುತ್ತಿದ್ದಂತೆ ಬೆನ್ನ ಹಿಂದಿನ ಗಲಾಟೆ ತಟ್ಟನೆ ನಿಂತಿತು. ತಿರುಗಿ ನೋಡಿದರೆ ಮಾಲೀಕರು. ಅವರು ಪರದೆಯ ಮೇಲಿನ ಶತ್ರುವನ್ನು ನೋಡುತ್ತ ನಿಧಾನವಾಗಿ ತಮ್ಮ ಗದ್ದ ಮುಟ್ಟಿಕೊಂಡರು.

"ಇದು ನಂದಲ್ವಾ?"

"ಇಲ್ಲ ಸಾರ್, ಇದು... ಸುಮ್ನೆ ಒಂದು ಗದ್ದ."

"ನಲವತ್ತೆಂಟು ವರ್ಷದಿಂದ ಇದನ್ನ ಹೆರೀತಿದೀನಿ, ನಂಗೆ ಗೊತ್ತಾಗಲ್ವಾ?" ಮಾಲೀಕರ ಒಂದು ಫೋನು ಬಡಿದುಕೊಳ್ಳತೊಡಗಿತು. "ಮಧ್ಯಾಹ್ನ ಎರಡಾಯ್ತು. ಒಂದೇ ಒಂದು ಮುಖ ಇಲ್ಲ. ಇನ್ನೊಂದು ಸಲ ನನ್ನ ಗದ್ದಕ್ಕೆ ಕೈ ಹಾಕಿದ್ರೆ ನೋಡು!"

ಊಟದ ಡಬ್ಬಿಯನ್ನು ಮುಚ್ಚಳ ತೆಗೆಯದೆಯೇ ಪಕ್ಕಕ್ಕಿಟ್ಟು ಕುಂಚಪ್ಪ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಫೋನು ಮಾಡಿದ.

"ಯಾರ ಹಾಗೂ ಇಲ್ಲದ ಮುಖವೊಂದು ಬೇಕು ಕಣೆ. ಸಂಜೆಯೊಳಗೆ. ನಿಂಗೇನಾದ್ರೂ ಹೊಳೆಯುತ್ತಾ?"

ಆ ಕಡೆ ಪಾತ್ರೆ ತೊಳೆಯುವ ಸದ್ದು ಒಂದು ಕ್ಷಣವೂ ನಿಲ್ಲಲಿಲ್ಲ. "ನಿಮ್ಮದೇ ಇದೆಯಲ್ರೀ."

"ತಮಾಷೆ ಬೇಡ."

"ತಮಾಷೆಯಲ್ಲ. ಲಿಫ್ಟಿನವನು ನಾಲ್ಕು ವರ್ಷದಿಂದ ದಿನಾ 'ಯಾರ ಮನೆಗೆ' ಅಂತ ಕೇಳಲ್ವಾ? ನಮ್ಮ ಮದುವೆ ಫೋಟೊ ನೋಡಿ ನಮ್ಮ ದೊಡ್ಡಮ್ಮ 'ಹುಡುಗ ಇನ್ನೂ ಬಂದಿರಲಿಲ್ವಾ' ಅಂದ್ರಲ್ಲ, ಮರೆತ್ರಾ? ಮಾರ್ಕೆಟ್ಟಲ್ಲಿ ನೀವು ಎರಡು ನಿಮಿಷ ಕಣ್ಮರೆಯಾದ್ರೆ ನಾನೇ ನಿಮ್ಮನ್ನ ಅಂಗಿ ಬಣ್ಣದಿಂದ ಹುಡುಕ್ತೀನಿ. ಕೆಟ್ಟದಾಗಿಲ್ಲ, ಚೆನ್ನಾಗಿಯೇ ಇದೀರಿ. ಆದ್ರೆ ಒಂದು ಸಲ ನೋಡಿದ್ರೆ ನೆನಪಲ್ಲಿ ನಿಲ್ಲಲ್ಲ, ಅಷ್ಟೆ."

ಬೇರೆ ದಿನವಾಗಿದ್ದರೆ ಕುಂಚಪ್ಪನಿಗೆ ಅಳು ಬರುತ್ತಿತ್ತು. ಆವತ್ತು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಒಳಗೆ ಓಡಿದ. ಬಚ್ಚಲಿನ ಗೋಡೆಯಿಂದ ಕನ್ನಡಿ ಕಿತ್ತು ತಂದು ಕಂಪ್ಯೂಟರಿಗೆ ಒರಗಿಸಿ ಕೂತ. ಒಂದು ಮುಖ ಆಯಿತು. ಅದಕ್ಕೆ ಗಡ್ಡ ಹಚ್ಚಿದರೆ ಎರಡು, ಕನ್ನಡಕ ಹಾಕಿದರೆ ಮೂರು, ಬೋಳು ತಲೆ ಮಾಡಿದರೆ ನಾಲ್ಕು. ಅಜ್ಜಿ ಕತೆಯ ರಾಕ್ಷಸನ ಒಂದು ಹನಿ ರಕ್ತದಿಂದ ಇನ್ನೊಬ್ಬ ರಾಕ್ಷಸ ಏಳುವ ಹಾಗೆ ನಾಲ್ಕೂ ಮುಕ್ಕಾಲರ ಹೊತ್ತಿಗೆ ಇಪ್ಪತ್ತೆರಡು ಕುಂಚಪ್ಪಂದಿರು ಬಂದೂಕು ಹಿಡಿದು ಪರದೆಯ ಮೇಲೆ ಸಾಲಾಗಿ ನಿಂತರು. ಮಾಲೀಕರು ಬಂದು ನೋಡಿದರು. ಬಂದೂಕಕ್ಕ ನೋಡಿದಳು. ಸದ್ದಣ್ಣ ನೋಡಿದ. ಕುಂಚಪ್ಪ ಕನ್ನಡಿಯನ್ನು ಮೆಲ್ಲಗೆ ಮೇಜಿನಡಿ ಸರಿಸಿದ.

"ಭಲೇ!" ಎಂದರು ಮಾಲೀಕರು. "ಇದ್ಯಾರೂ ಅಲ್ಲ!"

ಆರು ತಿಂಗಳು ಪಕ್ಕದ ಮೇಜಿನಲ್ಲಿ ಕೂತವರಿಗೂ ಗೊತ್ತಾಗಲಿಲ್ಲವಲ್ಲ ಎಂದು ಕುಂಚಪ್ಪನಿಗೆ ಸ್ವಲ್ಪ ಚುರುಕ್ಕೆಂದರೂ ಹೊಟ್ಟೆ ತಣ್ಣಗಾಯಿತು.

ಐದು ಹೊಡೆಯುವ ಹೊತ್ತಿಗೆ ಸರಿಯಾಗಿ ಮೇಜರ್ ಬಂದರು. ಮೀಸೆ ಮೊದಲು ಬಂತು, ಅವರು ಆಮೇಲೆ ಬಂದರು. ಹಿಂದೆ ಆ ತಾಯಿ, ಕೈಚೀಲವನ್ನು ಎದೆಗೆ ಒತ್ತಿಕೊಂಡು. ಮೇಜರ್ ಕುರ್ಚಿಯಲ್ಲಿ ಕೂತು, ಮೌಸನ್ನು ಗ್ರೆನೇಡಿನಂತೆ ಹಿಡಿದುಕೊಂಡು, "ಎಲ್ಲಿ ಶತ್ರು?" ಎಂದರು.

ಇಪ್ಪತ್ತೆರಡು ಜನರನ್ನೂ ಒಬ್ಬೊಬ್ಬರಾಗಿ ದಿಟ್ಟಿಸಿದರು. "ಎಲ್ಲರೂ ಒಂದೇ ಥರ ಇದಾರಲ್ಲ?"

"ಅಣ್ಣತಮ್ಮಂದಿರು ಸಾರ್," ಎಂದರು ಮಾಲೀಕರು. "ದೊಡ್ಡ ಸಂಸಾರ."

"ಹೂಂ." ಮೇಜರ್ ಕೈ ಚಾಚಿ, ಎದುರಿಗೇ ನಿಂತಿದ್ದ ಕುಂಚಪ್ಪನ ಮುಖವನ್ನೇ ನೋಡುತ್ತ, "ಸ್ವಲ್ಪ ನೀರು ಕೊಡಪ್ಪ," ಎಂದರು. ಕುಂಚಪ್ಪ ಕೊಟ್ಟ. ಮೇಜರ್ ಕುಡಿದು, ಪರದೆಗೆ ತಿರುಗಿ, "ಮೂವತ್ತು ವರ್ಷ ಸೈನ್ಯದಲ್ಲಿ ಎಷ್ಟೋ ಮುಖ ನೋಡಿದೀನಿ. ಇಂಥ ಮುಖ ಭೂಮಿ ಮೇಲೆ ಇರೋಕೆ ಸಾಧ್ಯಾನೇ ಇಲ್ಲ," ಎಂದು ತೀರ್ಪು ಕೊಟ್ಟರು.

ತಾಯಿ ಮಾತ್ರ ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. ಮಾಲೀಕರು ಎರಡು ಫೋನನ್ನೂ ಆರಿಸಿ ಜೇಬಿಗಿಳಿಸಿದರು.

"ಅವನಿಲ್ಲ," ಎಂದರು ಕೊನೆಗೆ. ಕೈಚೀಲವನ್ನು ಹಿಡಿದ ಬೆರಳು ಸಡಿಲವಾಯಿತು. "ಸದ್ಯ, ಇದ್ಯಾರೋ ಪಾಪದವನು. ಮಧ್ಯಾಹ್ನ ಊಟ ಮಾಡಿಲ್ವೇನೋ ಅನ್ನೋ ಹಾಗಿದಾನೆ."

ಕುಂಚಪ್ಪ ಮುಚ್ಚಳ ತೆಗೆಯದ ಊಟದ ಡಬ್ಬಿಯನ್ನು ಬೆನ್ನ ಹಿಂದೆ ಮರೆಮಾಡಿದ.

ಮೇಜರ್ ಚೀಲದಿಂದ ಮುಚ್ಚಳಿಕೆ ಪತ್ರ ತೆಗೆದರು. 'ಈ ಆಟದಲ್ಲಿರುವ ಮುಖ ಬದುಕಿರುವ, ಸತ್ತಿರುವ ಅಥವಾ ಮುಂದೆ ಹುಟ್ಟಲಿರುವ ಯಾವ ವ್ಯಕ್ತಿಯದೂ ಅಲ್ಲ. ಸುಳ್ಳೆಂದು ಕಂಡುಬಂದಲ್ಲಿ ಕಂಪನಿಗೆ ಬೀಗ ಹಾಕಲು ನಮ್ಮ ಒಪ್ಪಿಗೆ ಇದೆ.' ಮಾಲೀಕರು ಸಹಿ ಹಾಕಿದರು. "ಬರೆದವನೂ ಹಾಕಲಿ," ಎಂದರು ಮೇಜರ್. ಕುಂಚಪ್ಪ ತನ್ನ ಜೀವಮಾನದಲ್ಲೇ ಅಷ್ಟು ಅಂದವಾಗಿ ಸಹಿ ಹಾಕಿರಲಿಲ್ಲ.

ಅವರು ಅತ್ತ ಹೊರಟಿದ್ದೇ ತಡ, ಮಾಲೀಕರು ಕುಂಚಪ್ಪನ ಬೆನ್ನು ತಟ್ಟಿ, "ಮೇಡಂ, ನಮ್ಮ ಹುಡುಗನ ಪತ್ರ ತನ್ನಿ!" ಎಂದು ಕೂಗಿದರು.

ಸಿಬ್ಬಂದಿ ವಿಭಾಗದ ಮೇಡಂ ಅಲ್ಮೇರಾದಿಂದ ಪತ್ರ ತಂದರು. ಕೆಳಗೆ ಸೀಲು, ಮೇಲೆ ಮೂಲೆಯಲ್ಲಿ ಅಂಟಿಸಿದ ಫೋಟೊ. ಅವರು ಕನ್ನಡಕ ಏರಿಸಿ ಫೋಟೊ ನೋಡಿದರು. ಪರದೆ ನೋಡಿದರು. ಮತ್ತೆ ಫೋಟೊ ನೋಡಿದರು. ಕಡತದ ಕಾಗದವನ್ನು ಕಾಗದದ ಜೊತೆ ತಾಳೆ ನೋಡುವುದೇ ಇಪ್ಪತ್ತು ವರ್ಷದಿಂದ ಅವರ ಕೆಲಸ. ಮನುಷ್ಯರನ್ನು ನೋಡುವ ಅಭ್ಯಾಸ ಅವರಿಗಿರಲಿಲ್ಲ.

"ಸಾರ್, ಈ ಫೋಟೊದಲ್ಲಿರೋ ವ್ಯಕ್ತಿ ಇಲ್ಲ ಅಂತ ನಾವು ಈಗ ತಾನೇ ಬರ್ಕೊಟ್ವಲ್ಲ?"

ಮಾಲೀಕರು ಕುಂಚಪ್ಪನನ್ನು ಮೊದಲ ಸಲವೆಂಬಂತೆ ನೋಡಿದರು. ಬಂದೂಕಕ್ಕ "ಅಯ್ಯಯ್ಯೋ" ಎಂದಳು. ಸದ್ದಣ್ಣನ ಬಾಯಿಂದ ತಾನಾಗಿಯೇ ದೂರದಲ್ಲೆಲ್ಲೋ ಬಾಂಬು ಬಿದ್ದ ಸದ್ದು ಬಂತು.

"ನೀನಾ?" ಎಂದರು ಮಾಲೀಕರು. "ಇಪ್ಪತ್ತೆರಡೂ ನೀನೇನಾ?"

"ಬೇರೆ ಯಾರೂ ಸಿಗಲಿಲ್ಲ ಸಾರ್..."

"ಎರಡು ಕಾಗದಾನೂ ಒಂದೇ ಅಲ್ಮೇರಾದಲ್ಲಿ ಇಡೋಕಾಗಲ್ಲ ಸಾರ್," ಎಂದರು ಮೇಡಂ ಶಾಂತವಾಗಿ. "ಒಂದೋ ಮುಚ್ಚಳಿಕೆ ಸುಳ್ಳು, ಇಲ್ಲಾ ಇವರು ಸುಳ್ಳು. ಮುಚ್ಚಳಿಕೆಯ ಅಸಲು ಮೇಜರ್ ಹತ್ರ ಹೋಗಿಯಾಯ್ತು."

"ಮೀಸೆ ಬಿಟ್ರೆ?" ಎಂದಳು ಬಂದೂಕಕ್ಕ.

"ಹನ್ನೊಂದನೆಯವನಿಗೆ ಮೀಸೆ ಇದೆ," ಎಂದ ಕುಂಚಪ್ಪ ಸೋತ ದನಿಯಲ್ಲಿ.

"ತಲೆ ಬೋಳಿಸಿಕೊಂಡ್ರೆ?"

"ನಾಲ್ಕನೆಯವನು."

ಮಾಲೀಕರು ಪತ್ರವನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ, ಕೊನೆಗೆ ನಿಟ್ಟುಸಿರುಬಿಟ್ಟು ಹರಿದರು. "ನೋಡಪ್ಪ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ನಿನ್ನನ್ನ ಇಲ್ಲಿ ಯಾರಾದ್ರೂ ನೋಡಿದ್ರೆ ನಾವೆಲ್ಲ ಬೀದಿಗೆ ಬರ್ತೀವಿ. ದಯವಿಟ್ಟು ಹಿಂದಿನ ಬಾಗಿಲಿಂದ ಹೋಗ್ಬಿಡು. ಊರಲ್ಲಿ ಆದಷ್ಟು ಕಡಿಮೆ ಓಡಾಡು."

ಊಟದ ಡಬ್ಬಿ ಹಿಡಿದು ಕುಂಚಪ್ಪ ಹಿಂದಿನ ಬಾಗಿಲಿಂದ ಹೊರಬಿದ್ದು, ಗೋಡೆಗುಂಟ ನಡೆದು ಮುಂದಿನ ಬೀದಿಗೆ ತಿರುಗಿದ. ಅಲ್ಲಿ ಆಟೊಗಾಗಿ ಕಾಯುತ್ತ ಮೇಜರ್ ನಿಂತಿದ್ದರು. ಅವರು ಇವನನ್ನು ನೋಡಿದರು. ಹುಬ್ಬು ಗಂಟಿಕ್ಕಿದರು. ಎರಡು ಹೆಜ್ಜೆ ಹತ್ತಿರ ಬಂದರು.

"ಏ ತಮ್ಮ, ನಿಲ್ಲು. ನಿನ್ನ ಮುಖ ಎಲ್ಲೋ ನೋಡಿದ ಹಾಗಿದೆಯಲ್ಲ!"

ಹುಟ್ಟಿದಾಗಿನಿಂದ ಕುಂಚಪ್ಪನಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಆ ಮೀಸೆಯ ಮುದುಕನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಆಫೀಸಿನ ಗಾಜಿನ ಹಿಂದೆ ಬಂದೂಕಕ್ಕ, ಸದ್ದಣ್ಣ, ಎರಡು ಫೋನಿನ ಮಾಲೀಕರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ, ಕೈ ಮುಗಿದುಕೊಂಡು ಅವನನ್ನೇ ನೋಡುತ್ತಿದ್ದರು.

"ಸಾಧ್ಯವೇ ಇಲ್ಲ ಸಾರ್," ಎಂದ ಕುಂಚಪ್ಪ. "ಬರೆದುಕೊಟ್ಟಿದೀನಿ."