ಕಂಬದ ಕಣ್ಣಿಗೆ ಬಿದ್ದ ಸೂಜಿಯಕ್ಕ

ಊರಿಗೆಲ್ಲ ಬುದ್ಧಿ ಹೇಳುವವರ ಮನೆಗೇ ಬುದ್ಧಿ ಹೇಳುವ ಕಾಗದ ಬಂದರೆ ಹೇಗಿರುತ್ತದೆ ಎಂಬುದು ಸೂಜಿಯಕ್ಕನಿಗೆ ಆ ಮಂಗಳವಾರ ತಿಳಿಯಿತು. ಸಂಚಾರ ಇಲಾಖೆಯ ಲಕೋಟೆಯೊಳಗೆ ಅವಳ ಸ್ಕೂಟರಿನ ಚಿತ್ರ. ಅದರಡಿ ಒಂದು ಒಕ್ಕಣೆ: ಶಿಶುವಿಹಾರದ ಮುಂದೆ ಮಿತಿ ಮೂವತ್ತು, ತಮ್ಮ ವೇಗ ನಲವತ್ತೆರಡು. ಸದ್ಯಕ್ಕೆ ಎಚ್ಚರಿಕೆ ಮಾತ್ರ. ನಲವತ್ತೈದು ದಾಟಿದ್ದರೆ ಒಂದು ತಿಂಗಳು ಲೈಸೆನ್ಸು ಅಮಾನತು.

ಸೂಜಿಯಕ್ಕ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಅವಳು ಮನೆಮನೆಗೆ ಹೋಗಿ ರಕ್ತ ತೆಗೆದು ಪ್ರಯೋಗಾಲಯಕ್ಕೆ ಮುಟ್ಟಿಸುವವಳು. ಬೆಳಗಾದರೆ ಒಂಬತ್ತು ಮನೆಯವರು ಖಾಲಿ ಹೊಟ್ಟೆಯಲ್ಲಿ ಬಾಗಿಲು ಕಾಯುತ್ತಿರುತ್ತಾರೆ. ನಡುವೆ ಮಗಳನ್ನು ಶಿಶುವಿಹಾರಕ್ಕೆ ಬಿಡಬೇಕು. ಸ್ಕೂಟರು ನಿಂತರೆ ಅವಳ ಸಂಸಾರದ ಅರ್ಧ ಚಕ್ರ ನಿಂತ ಹಾಗೆ. ಆದರೆ ಎದೆಗೆ ಚುಚ್ಚಿದ್ದು ಅದಲ್ಲ. ಆ ಕ್ಯಾಮೆರಾ ಅಲ್ಲಿಗೆ ಬಂದದ್ದೇ ಅವಳಿಂದ. ಇನ್ನೂರು ಸಹಿ ಕೂಡಿಸಿ, ಇಲಾಖೆಯ ಮೆಟ್ಟಿಲು ಸವೆಸಿ, ಒಂಬತ್ತು ತಿಂಗಳಿಗೆ ಪಡೆದ ಫಲ ಅದು (ಮಗಳಿಗೂ ಅಷ್ಟೇ ಕಾಲ ಹಿಡಿದಿತ್ತು, ಆದರೆ ಇಷ್ಟು ಓಡಾಟ ಇರಲಿಲ್ಲ). ಹೆತ್ತ ಕೂಸೇ ಎದೆಗೆ ಒದ್ದರೆ ಯಾರಿಗೆ ಹೇಳುವುದು?

ಗಂಡನಿಗೆ ಹೇಳುವಂತಿರಲಿಲ್ಲ. ವೇಗ ಅಳೆಯುವ ಯಂತ್ರಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಬರೆಯುವುದೇ ಅವನ ಉದ್ಯೋಗ. ಆ ಕಂಬದ ಕ್ಯಾಮೆರಾಕ್ಕೂ ಅವನದೇ ಸಹಿ.

ಆದರೂ ಹೇಳಿದಳು. "ನಿಮ್ಮ ಯಂತ್ರ ಕೆಟ್ಟಿದೆ."

ಗಂಡ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಯಂತ್ರಕ್ಕೆ ನಿನ್ನ ಮೇಲೆ ಏನು ಹಗೆ?"

ಇದು ಅವಳದೇ ಮಾತು. ಸಕ್ಕರೆ ಜಾಸ್ತಿ ಬಂದಿದೆ, ನಿಮ್ಮ ಲ್ಯಾಬು ಸರಿಯಿಲ್ಲ ಎಂದು ಜಗಳಕ್ಕೆ ಬರುವವರ ಬಾಯನ್ನು ಅವಳು ವಾರಕ್ಕೆ ನಾಲ್ಕು ಸಲ ಮುಚ್ಚಿಸುವುದು ಇದರಿಂದಲೇ. ಈಗ ಅವಳ ಬಾಯಿಗೇ ಬಂದು ಕೂತಿತು.

ಅತ್ತೆ ಮಾತ್ರ ಸೊಸೆಯ ಪಕ್ಷ ವಹಿಸಿದರು. ಯಂತ್ರಗಳಿಗೆ ಮರ್ಯಾದೆಯೇ ಇಲ್ಲ, ಬಚ್ಚಲಮನೆಯ ತೂಕದ ಯಂತ್ರ ತಮ್ಮ ಮೇಲೆ ವಿನಾಕಾರಣ ನಾಲ್ಕು ಕಿಲೋ ಹೊರಿಸಿದೆ ಎಂದು ಸಾಕ್ಷ್ಯ ನುಡಿದರು. ಮಗ ತಾಯಿಗೆ ತಲೆಯಾಡಿಸಿದ. ಹೆಂಡತಿಗೆ ಮಾತ್ರ ಮೆಲ್ಲಗೆ, "ಬರೀ ಎಚ್ಚರಿಕೆ ಕಣೇ. ಮಡಚಿ ಡ್ರಾಯರಿಗೆ ಹಾಕು, ಕೆಣಕಬೇಡ," ಎಂದ.

ಕೆಣಕಬೇಡ ಎಂದ ಮೇಲೆ ಬಿಡುವುದುಂಟೆ? ಸೂಜಿಯಕ್ಕ ದಿನಚರಿ ತೆರೆದು, ಆ ದಿನ ಯಾವ ಮನೆ ಎಷ್ಟು ಗಂಟೆಗೆ, ಯಾರ ನರ ಸಿಗಲಿಲ್ಲ, ಮಗಳು ಎಲ್ಲಿ ಚಪ್ಪಲಿ ಬೀಳಿಸಿದಳು ಎಂಬುದನ್ನೆಲ್ಲ ಕ್ರೋಡೀಕರಿಸಿ ಆರು ಪುಟದ ದೂರು ಬರೆದಳು. ಜನರ ಸುರಕ್ಷತೆಯ ಹೆಸರಿನಲ್ಲಿ ನಿಂತ ಯಂತ್ರವನ್ನು ಕಣ್ಣುಮುಚ್ಚಿ ನಂಬುವುದು ಅಪಾಯ, ಮರುಪರೀಕ್ಷೆ ಆಗಲೇಬೇಕು ಎಂಬುದು ಸಾರಾಂಶ. ಹೆಂಡತಿಯ ದೂರನ್ನು ಗಂಡ ಪರೀಕ್ಷಿಸುವಂತಿಲ್ಲವಾಗಿ, ಇಲಾಖೆ ಹಿರಿಯ ಪರೀಕ್ಷಕಿಯೊಬ್ಬರನ್ನು ಕಳಿಸಿತು. ಗಂಡ ಆರೋಪಿಯ ಹಾಗೆ ಫುಟ್‌ಪಾತಿನ ಮೇಲೆ ನಿಂತ.

ಪರೀಕ್ಷಕಿ ಕಾರನ್ನು ಸರಿಯಾಗಿ ನಲವತ್ತರಲ್ಲಿ ಐದು ಸಲ ಓಡಿಸಿದರು. ಐದು ಸಲವೂ ಕ್ಯಾಮೆರಾ ಮೂವತ್ತಾರು ಎಂದಿತು. ಐವತ್ತಕ್ಕೆ ನಲವತ್ತೈದು ಎಂದಿತು.

"ನಿಮ್ಮ ಮಾತು ನಿಜ. ಯಂತ್ರ ತಪ್ಪು ತೋರಿಸ್ತಿದೆ," ಎಂದರು ಪರೀಕ್ಷಕಿ.

ಸೂಜಿಯಕ್ಕನ ಮುಖ ಅರಳಿತು. ಗಂಡನನ್ನು ಎಷ್ಟು ದಿನ ಕಾಯಿಸಿ ಕ್ಷಮಿಸಬೇಕು ಎಂದು ಮನಸ್ಸಿನಲ್ಲೇ ಗುಣಾಕಾರ ಹಾಕುತ್ತಿರುವಾಗ, ಪರೀಕ್ಷಕಿ ನಿಜವಾದ ಗುಣಾಕಾರ ಮುಗಿಸಿದ್ದರು. ಯಂತ್ರ ಹತ್ತಕ್ಕೊಂದು ಪಾಲು ಕಡಿಮೆ ತೋರಿಸುತ್ತಿದೆ. ಅಂದರೆ ಅವಳ ನಲವತ್ತೆರಡು ಅಸಲಿಗೆ ನಲವತ್ತೇಳು.

ನಲವತ್ತೈದರ ಗೆರೆಯನ್ನು ಅವಳು ಆವತ್ತೇ ದಾಟಿದ್ದಳು.

ಕಾರಣವೂ ಅಲ್ಲೇ ನೇತಾಡುತ್ತಿತ್ತು. 'ಮಕ್ಕಳಿದ್ದಾರೆ, ನಿಧಾನ' ಎಂಬ ಅಗಲವಾದ ಬ್ಯಾನರನ್ನು ಯಾರೋ ಕ್ಯಾಮೆರಾದ ತೋಳಿಗೇ ಬಿಗಿದಿದ್ದರು. ಅದು ಗಾಳಿಗೆ ಹಾಯಿಯಂತೆ ಉಬ್ಬಿ, ದಿನಕ್ಕಿಷ್ಟು ಎಳೆದು, ಕ್ಯಾಮೆರಾದ ಮುಖವನ್ನೇ ಸೊಟ್ಟ ಮಾಡಿತ್ತು. ಓರೆಗಣ್ಣಿಗೆ ವೇಗ ಕಡಿಮೆಯೇ ಕಾಣುತ್ತದಂತೆ.

"ಕಟ್ಟಿದ್ದು ಯಾರು?" ಎಂದರು ಪರೀಕ್ಷಕಿ.

ಗಂಡ ಅಂದು ಬಾಯಿ ಬಿಟ್ಟದ್ದು ಅದೊಂದೇ ಸಲ. "ಕಟ್ಟಿರೋದು ರಕ್ತ ತೆಗೆಯೋವಾಗ ತೋಳಿಗೆ ಬಿಗಿಯೋ ರಬ್ಬರ್ ಪಟ್ಟಿಯಿಂದ ಮೇಡಂ."

ಲೈಸೆನ್ಸು ಆ ವಾರವೇ ಹೋಯಿತು. ಒಂದು ತಿಂಗಳ ಮಟ್ಟಿಗೆ ಗಂಡನೇ ಸಾರಥಿಯಾದ. ಅವನು ಇಪ್ಪತ್ತೊಂಬತ್ತು ದಾಟದೆ ಓಡಿಸುವಾಗ ಅವಳು ಹಿಂದೆ ಐಸ್ ಪೆಟ್ಟಿಗೆ ತಬ್ಬಿಕೊಂಡು, ಒಂಬತ್ತು ಖಾಲಿ ಹೊಟ್ಟೆಗಳ ಶಾಪ ಎಣಿಸುತ್ತ ಕೂರುತ್ತಿದ್ದಳು. ಗಂಡ ಒಂದೂ ಕೊಂಕು ಮಾತು ಆಡಲಿಲ್ಲ. ಆಡಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಇಲಾಖೆ ಒಳ್ಳೆಯ ಇಲಾಖೆ, ಅರ್ಧ ಕೆಲಸ ಮಾಡುವುದಿಲ್ಲ. ಆ ತಿಂಗಳು ಹೋಗಿದ್ದ ಎಚ್ಚರಿಕೆಗಳನ್ನೆಲ್ಲ ಹೊರತೆಗೆದು ಹೊಸದಾಗಿ ಲೆಕ್ಕ ಹಾಕಿತು. ಇನ್ನೂ ಹನ್ನೊಂದು ಎಚ್ಚರಿಕೆಗಳಿಗೆ ಅಮಾನತಾಗಿ ಬಡ್ತಿ ಸಿಕ್ಕಿತು. ಹನ್ನೊಂದೂ ಶಿಶುವಿಹಾರದ ಪೋಷಕರವೇ.

ಸೋಮವಾರ ಬೆಳಗ್ಗೆ ಅವರೆಲ್ಲ ಮಕ್ಕಳನ್ನು ಕಂಕುಳಲ್ಲಿ, ಹೆಗಲ ಮೇಲೆ ಹೊತ್ತುಕೊಂಡು, ಬೆವರುತ್ತ ಗೇಟಿನ ಮುಂದೆ ಸೇರಿದ್ದರು. ಯಾವನೋ ಪುಣ್ಯಾತ್ಮ ದೂರು ಕೊಟ್ಟು ಎಲ್ಲರ ಮನೆ ಹಾಳು ಮಾಡಿದ ಎಂಬುದು ಅಷ್ಟರಲ್ಲಿ ಊರಿಗೇ ಗೊತ್ತಾಗಿತ್ತು. ಸೂಜಿಯಕ್ಕ ಮಗಳ ಸುರಿಯದ ಮೂಗನ್ನು ಒರೆಸುತ್ತ ನಿಂತಳು.

ಬೇಕರಿ ಯಜಮಾನ ಅವಳ ಹತ್ತಿರ ಬಂದ. ವ್ಯಾನು ಬಿಟ್ಟು ಸೈಕಲ್ಲಿನಲ್ಲಿ ಬ್ರೆಡ್ಡು ಹಂಚಿ ಅವನ ಮುಖ ಕೆಂಪಾಗಿತ್ತು. "ಅಕ್ಕಾ, ಅರ್ಜಿ ಬರೆಯೋದ್ರಲ್ಲಿ ನೀವು ಎತ್ತಿದ ಕೈ. ಆ ದೂರು ಕೊಟ್ಟೋರ ಹೆಸರು ನಮಗೆ ಗೊತ್ತಾಗಲೇಬೇಕು ಅಂತ ಇಲಾಖೆಗೆ ಒಂದು ಬರೆದುಕೊಡಿ. ನಾವೆಲ್ಲ ಸಹಿ ಹಾಕ್ತೀವಿ."

ಹನ್ನೊಂದು ತಲೆ ಆಡಿದವು. ಹನ್ನೆರಡನೆಯದು ಸೂಜಿಯಕ್ಕನದು.

ಸಂಜೆ ಅವಳು ದುಂಡು ಅಕ್ಷರದಲ್ಲಿ ಅರ್ಜಿ ಬರೆದು, ಏನಾದರೂ ಕಾನೂನಿನ ತೊಡಕು ಹೇಳಲಿ ದೇವರೇ ಎಂದುಕೊಂಡು ಗಂಡನ ಮುಂದೆ ಹಿಡಿದಳು. ಅವನು ಎರಡು ಸಲ ಓದಿದ. ಒಂದು ಅಲ್ಪವಿರಾಮ ತಿದ್ದಿದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮೊದಲ ಸಹಿ ತಾನೇ ಹಾಕಿದ.